ನನಗೆಂದು ತಂದ ಬೇಸಿನ್

ನೆರೆಮನೆಯ ಜರಿ ಸೀರೆ ನೋಡಿ ಹೊಟ್ಟೆಕಿಚ್ಚು ಪಟ್ಟವರನ್ನು ನಾನು ಕಂಡಿದ್ದೇನೆ. ತಂಗಿಯ ಕೈಯ ಪಾಟಲಿ ನೋಡಿ ಊಟ ಬಿಟ್ಟವರನ್ನೂ ಕಂಡಿದ್ದೇನೆ. ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಒಂದು ಪಾಯಖಾನೆಗಾಗಿ. ಅದೂ ಗಾಲಿಯ ಮೇಲೆ ಊರೂರು ತಿರುಗುವ ಪಾಯಖಾನೆಗಾಗಿ. ನಗುವವರು ನಗಲಿ. ಆ ಕಾಲದ ಧಾರವಾಡದ ಮಳೆಯಲ್ಲಿ, ಬಸುರಿಯಾಗಿ, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು ಹಿತ್ತಲು ದಾಟಿದ ಹೆಂಗಸರು ಮಾತ್ರ ನಗುವುದಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಸಪ್ತಾಪುರದ ಕಡೆಗಿತ್ತು, ಕೆಲಗೇರಿಗೆ ಹೋಗುವ ದಾರಿಯ ಮಗ್ಗುಲಿಗೆ. ಮನೆಯ ಹಿಂದೆ ಉದ್ದನೆಯ ಹಿತ್ತಲು, ಹಿತ್ತಲಿನ ನಡುವೆ ಬಾವಿ. ಬಾವಿ ದಾಟಿ, ಪೇರಲ ಗಿಡ ದಾಟಿ, ಹಿಂದಿನ ಗೋಡೆಗೆ ಅಂಟಿಕೊಂಡು ಪಾಯಖಾನೆ. ತಗಡಿನ ಬಾಗಿಲು, ಎರಡು ಕಲ್ಲು, ಕೆಳಗೊಂದು ಬುಟ್ಟಿ. ಹಿಂದಿನ ಓಣಿಯಿಂದ ಒಬ್ಬಾಕೆ ಬಂದು ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದಳು. ಅತ್ತೆ ಆಕೆಗೆ ರೊಟ್ಟಿಯನ್ನು ಗೋಡೆಯ ಮೇಲಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ನಮ್ಮ ಮನೆಯ ಶುದ್ಧಿಯನ್ನು ಕಾಯುತ್ತಿದ್ದವಳು ಆಕೆ, ಮುಟ್ಟಬಾರದವಳೂ ಆಕೆಯೇ. ಇದನ್ನು ಆಗ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ನಾನೂ ಆಡಲಿಲ್ಲ.

ನನ್ನ ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ದಿನಾ ಬೆಳಿಗ್ಗೆ ಗಾಡಿ ಹಿಡಿದು ಹೋಗಿ ಸಂಜೆ ಬರುತ್ತಿದ್ದರು. 'ನಮ್ಮ ಸಣ್ಣಾಂವ ರೈಲ್ವೇದಾಗ ಅದಾನ್ರಿ' ಎಂದು ಅತ್ತೆ ಬೀಗರ ಮುಂದೆ ಹೇಳಿ ಅಲ್ಲಿಗೇ ಮಾತು ಮುಗಿಸುತ್ತಿದ್ದರು. ರೈಲ್ವೆಯಲ್ಲಿ ಏನು ಮಾಡುತ್ತಾನೆ ಎಂದು ಕೇಳಿದರೆ ಚಹಾ ತರಲು ಒಳಗೆ ಹೋಗುತ್ತಿದ್ದರು. ನನ್ನ ಗಂಡ ಮಾಡುತ್ತಿದ್ದದ್ದು ರೈಲು ಡಬ್ಬಿಗಳ ಪಾಯಖಾನೆ, ನೀರಿನ ಟಾಕಿ, ನಳ, ಇವುಗಳ ರಿಪೇರಿ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ನಾನು ಬಾವಿಯ ಹತ್ತಿರ ಜಾರಿ ಬಿದ್ದೆ. ತಂಬಿಗೆ ಒಂದು ಕಡೆ, ನಾನೊಂದು ಕಡೆ. ಆವತ್ತು ಸಿಟ್ಟಿನಿಂದ ಅಂದೆ:

"ರೈಲಿನ ಮಂದಿಗೆಲ್ಲಾ ಪಾಯಖಾನಿ ಛಲೋ ಮಾಡಿ ಕೊಡ್ತೀರಿ. ಕಟಗೊಂಡ ಹೆಂಡತಿಗೆ ಒಂದು ಮಾಡಿಕೊಡಾಕ ಆಗೂದಿಲ್ಲೇನು?"

ಅವರು ಮಾತಿನ ಮನುಷ್ಯರಲ್ಲ. ಒಂದು ತಿಂಗಳ ಮೇಲೆ ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಗೋಣಿಯಲ್ಲಿ ಸುತ್ತಿದ ಒಂದು ವಸ್ತು ತಂದು ಬಾವಿಯ ಹತ್ತಿರ ಇಳಿಸಿದರು. ರೈಲು ಡಬ್ಬಿಯಲ್ಲಿ ಇರುತ್ತದಲ್ಲ, ಕುಕ್ಕರುಗಾಲಲ್ಲಿ ಕೂಡುವ ಬೇಸಿನ್, ಅದು. ಬೀಡು ಕಬ್ಬಿಣದ್ದು, ಮೇಲೆ ಬಿಳಿ ಎನಾಮಲ್, ಅಂಚಿನಲ್ಲಿ ಒಂದು ಕಡೆ ಮಾತ್ರ ಚಕ್ಕೆ ಎದ್ದಿತ್ತು. ಮನೆಗೆ ಹತ್ತಿರವಾಗಿ, ಬಚ್ಚಲುಮನೆಯ ಗೋಡೆಗೆ ಹೊಂದಿಸಿ ಕೂಡಿಸುತ್ತೇನೆ, ಹಿಂದೊಂದು ಗುಂಡಿ ತೋಡಿಸುತ್ತೇನೆ ಎಂದರು. ಗುಂಡಿ ಅರ್ಧ ತೋಡಿದ್ದೂ ಆಯಿತು. ಆಮೇಲೆ ಮಳೆ ಮತ್ತೆ ಹಿಡಿಯಿತು, ಗುಂಡಿ ತುಂಬಿ ಕಪ್ಪೆಗಳು ಸಂಸಾರ ಹೂಡಿದವು, ಕೆಲಸ ನಿಂತಿತು. ನಾನು ಮಾತ್ರ ಆ ಬೇಸಿನ್ನನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿ ಮತ್ತೆ ಗೋಣಿ ಹೊದಿಸಿಟ್ಟೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಅದರ ಮೇಲೆ ಕೂತೂ ನೋಡಿದೆ. ಪೇರಲ ಗಿಡದ ಕೆಳಗೆ, ಹಾಡುಹಗಲು, ಸೀರೆ ಉಟ್ಟುಕೊಂಡೇ ಕೂತಿದ್ದೆ, ಮಹಾರಾಣಿ ಗದ್ದುಗೆ ಏರಿದಷ್ಟು ಸಂತೋಷವಾಗಿತ್ತು.

ಮರುವರ್ಷ ನನಗೆ ಹೊಟ್ಟೆಯಲ್ಲಾಯಿತು. "ಕುಬಸದೊಳಗ ಮುಗಸ್ತೇನಿ" ಎಂದು ಗಂಡ ಮಾತು ಕೊಟ್ಟರು. ಕುಬಸ ಎಂದರೆ ಏಳನೆಯ ತಿಂಗಳ ಬಸುರಿಯ ಆರತಿ, ಹಸಿರು ಸೀರೆ, ತವರಿನವರ ಊಟ. ನನಗೆ ಹಸಿರು ಸೀರೆಗಿಂತ ಪಾಯಖಾನೆಯ ಆಸೆಯೇ ಹೆಚ್ಚಾಗಿತ್ತು. ಗಳಿಗೆಗೊಮ್ಮೆ ಹೋಗಬೇಕಾಗುತ್ತಿತ್ತು, ಪ್ರತಿ ಸಲವೂ ಆ ಬಾವಿಯ ಪಾಚಿ, ಆ ಜಾರಿಕೆ. ಬಿದ್ದರೆ ಈ ಸಲ ಬೀಳುವವಳು ನಾನೊಬ್ಬಳೇ ಅಲ್ಲ ಎಂಬ ಹೆದರಿಕೆ.

ಆ ಆಷಾಢದಲ್ಲೇ ನನ್ನ ನೆಗೆಣ್ಣಿ ತನ್ನ ಗಾಡಿಯ ಸಮೇತ ಬಂದಿಳಿದಳು.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಭಾವ ಸರ್ವೆ ಕೆಲಸದವರು, ನೆಲ ಅಳೆದು ನಕಾಶೆ ಮಾಡುತ್ತ ವರ್ಷದ ಎಂಟು ತಿಂಗಳು ಕ್ಯಾಂಪಿನಲ್ಲೇ ಇರುತ್ತಿದ್ದರು. ಅವರ ಕಚೇರಿಗೆ ಎಲ್ಲಿಂದಲೋ ಒಂದು ಟ್ರೇಲರ್ ಬಂದಿತ್ತು. ಯಾರೋ ಪರದೇಶದ ಇಂಜಿನಿಯರ್ ಬಿಟ್ಟುಹೋದದ್ದಂತೆ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಮನೆ ಅದು. ಒಳಗೆ ಮಂಚ, ಮಡಚುವ ಮೇಜು, ಸ್ಟೋವ್ ಇಡುವ ಕಟ್ಟೆ, ಕಿಟಕಿಗೆ ಪರದೆ. ಹಿಂಬದಿಗೆ ಒಂದು ಗೇಣಗಲದ ಬಾಗಿಲು, ಬಾಗಿಲೊಳಗೆ ಪಾಯಖಾನೆ. ಮಳೆಗಾಲದಲ್ಲಿ ಕ್ಯಾಂಪ್ ಬಂದ್ ಆದ್ದರಿಂದ ದಸರೆಯ ತನಕ ಅದನ್ನು ನಮ್ಮ ಮನೆಯ ಮಗ್ಗುಲಿನ ಬಯಲಿನಲ್ಲಿ ನಿಲ್ಲಿಸಿದರು. ಸರಿಯಾಗಿ ನನ್ನ ಅಡಿಗೆಮನೆಯ ಕಿಟಕಿಯ ಎದುರಿಗೆ.

ಓಣಿಯವರೆಲ್ಲ ನೋಡಲು ಬಂದರು. ನೆಗೆಣ್ಣಿ ಒಬ್ಬೊಬ್ಬರನ್ನೇ ಒಳಗೆ ಕರೆದು ತೋರಿಸಿದಳು. ಎತ್ತರದ ಹೆಂಗಸು, ನನಗಿಂತ ಒಂದು ಗೇಣು ಉದ್ದ, ನಕ್ಕರೆ ಇಡೀ ಮನೆಗೆ ಕೇಳಿಸಬೇಕು. ನನ್ನನ್ನೂ ಕರೆದಳು. "ಬಾ, ನೀನೂ ನೋಡ ಬಾ. ಹಾಸಿಗಿ ಬಿಟ್ಟು ನಾಕ ಹೆಜ್ಜಿ ಇಟ್ರ ಪಾಯಖಾನಿ!" ನಾನು ನೋಡಿದೆ. ನಾಲ್ಕೂ ಇರಲಿಲ್ಲ.

ಆದರೆ ಆ ಪಾಯಖಾನೆ ಕೆಟ್ಟಿತ್ತು. ಕುರ್ಚಿಯ ಹಾಗೆ ಕೂಡುವ ಕಮೋಡ್ ಅದು, ಬುಡ ಬಿರುಕು ಬಿಟ್ಟು ಅಲ್ಲಾಡುತ್ತಿತ್ತು. ನೀರು ಸೋರಿ ಕೆಳಗಿನ ಹಲಗೆ ಕೊಳೆತಿತ್ತು. "ದಾರ್ಯಾಗ ಕುಲುಕಿ ಕುಲುಕಿ ಹಿಂಗಾತು" ಎಂದರು ಭಾವ, ಪೇಪರಿನಿಂದ ತಲೆ ಎತ್ತದೆ. ನನ್ನ ಗಂಡ ಬಗ್ಗಿ ನೋಡಿ, ಅಂಚಿನ ಮೇಲೆ ಎರಡೂ ಕಡೆ ಹಿಮ್ಮಡಿಯ ಗುರುತು ಇದೆ ಎಂದರು. ಕುರ್ಚಿಯ ಮೇಲೆ ಯಾರೋ ಕಾಲಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದಾರೆ ಎಂದರ್ಥ. "ನಾ ಏನ್ ಹಂಗ ಕೂಡೂದಿಲ್ಲಪಾ" ಎಂದು ಭಾವ ಯಾರೂ ಕೇಳದಿದ್ದರೂ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆವತ್ತು ನಾನು ನಕ್ಕಿದ್ದೇ ಕೊನೆ, ಮುಂದೆ ದಸರೆಯ ತನಕ ನಗಲಿಲ್ಲ.

ಏಕೆಂದರೆ ನೆಗೆಣ್ಣಿ ನನ್ನ ಗಂಡನ ಕಡೆ ತಿರುಗಿ, "ನೀ ಇರೂವಾಗ ನಾ ಯಾಕ ಚಿಂತಿ ಮಾಡ್ಲಿ? ರಿಪೇರಿ ಮಾಡಿಕೊಡೋ" ಎಂದಳು. ಏಕವಚನ! ಆಕೆ ಈ ಮನೆಗೆ ಸೊಸೆಯಾಗಿ ಬಂದಾಗ ಇವರು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರಂತೆ. ಇವರು ಅತ್ತಿಗೆಗೆ, "ಆತ್ರಿ ವೈನಿ, ಈ ಐತವಾರನ ಚಾಲೂ ಮಾಡ್ತೇನಿ" ಎಂದರು. ನನಗೆ ವರ್ಷವಾದರೂ ಬರದ ಐತವಾರ ಆಕೆಗೆ ಮೂರೇ ದಿನಕ್ಕೆ ಬಂತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಅಂದಿಲ್ಲ.

ಐತವಾರ ಬೆಳಿಗ್ಗೆಯೇ ಶುರುವಾಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ನೆನೆಯಿಸಿದರು, ಪಾನಾ ಹಾಕಿ ತಿರುವಿದರು, ಕಮೋಡನ್ನು ಮಗು ಎತ್ತಿಕೊಂಡ ಹಾಗೆ ಎದೆಗಾನಿಸಿ ಹೊರತಂದು ಬಾವಿಯ ಹತ್ತಿರ ಇಟ್ಟರು. ಕೊಳೆತ ಹಲಗೆ ಕಿತ್ತರು. ಹುಬ್ಬಳ್ಳಿಯಿಂದ ಹಳೆಯ ಸಾಗವಾನಿ ಹಲಗೆ ತಂದು ಅಳತೆಗೆ ಕೊಯ್ದರು, ಲಾರಿಯ ಟ್ಯೂಬು ಕತ್ತರಿಸಿ ಕೊಳವೆಯ ಬಾಯಿಗೆ ರಬ್ಬರಿನ ಬಳೆ ಮಾಡಿದರು. ನನ್ನ ಅಡಿಗೆಮನೆಯ ಕಪಾಟಿನ ಬಾಗಿಲು ಆರು ತಿಂಗಳಿಂದ ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು. ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ನೆಗೆಣ್ಣಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಪಾನಾ ಕೊಡುವುದು, ಮೊಳೆ ಕೊಡುವುದು, ನಗುವುದು. ಚಹಾ ಮಾತ್ರ ನಾನು ಮಾಡಬೇಕು.

ನಾಲ್ಕನೆಯ ಐತವಾರ ಊಟಕ್ಕೆ ಕೂತಾಗ ನನ್ನ ಗಂಡ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಅಂದರು: "ಆ ಬೇಸಿನ್ ಹ್ಯಾಂಗೂ ಸುಮ್ಮನ ಬಿದ್ದೈತಿ. ಕಮೋಡಿನ ಬದ್ಲಿ ಸದ್ಯಕ್ಕ ಗಾಡ್ಯಾಗ ಅದನ್ನ ಕೂಡಸಿದ್ರ ಹ್ಯಾಂಗ?"

ನಾನು ಪಲ್ಯದ ಸೌಟು ಹಿಡಿದು ನಿಂತೇ ಇದ್ದೆ. ಎಲ್ಲರೂ ಕೂತಿದ್ದಾರೆ, ಅತ್ತೆ, ಭಾವ, ನೆಗೆಣ್ಣಿ. "ನನ್ನ ಯಾಕ ಕೇಳ್ತೀರಿ? ನಿಮ್ಮ ವೈನಿನ್ನ ಕೇಳ್ರಿ" ಎಂದೆ. ಹೆಂಗಸು ಹೀಗೆ ಅಂದರೆ ಅರ್ಥ ಏನು ಎಂದು ಓಣಿಯ ನಾಯಿಗೂ ತಿಳಿಯುತ್ತದೆ. ನನ್ನ ಗಂಡನಿಗೆ ತಿಳಿಯಲಿಲ್ಲ. ಕೈ ತೊಳೆದವರೇ ಹೋಗಿ ಗೋಣಿ ಸರಿಸಿ ನನ್ನ ಬೇಸಿನ್ ಎತ್ತಿದರು. ನಾನು ತಿಕ್ಕಿ ಬೆಳಗಿದ ಬೇಸಿನ್. ನೆಗೆಣ್ಣಿ ಅದನ್ನು ನೋಡಿ, "ಅಯ್ಯ, ಎಷ್ಟ ಸ್ವಚ್ಛ ಐತಿ!" ಎಂದಳು. ನಾನು ಒಳಗೆ ಹೋಗಿ ಅಕ್ಕಿ ಡಬ್ಬಿಯ ಮುಂದೆ ಕೂತು ಕಣ್ಣೀರು ಹಾಕಿದೆ.

ಅಲ್ಲಿಂದ ಅತ್ತೆಯವರ ಶಾಸ್ತ್ರ ಶುರು. ಅವರು ಛತ್ರಿ ಹಿಡಿದು ಬಯಲಿಗೆ ಬಂದು, ಮೊದಲಿನ ಕಮೋಡ್ ಯಾವ ಕಡೆ ಮುಖ ಮಾಡಿತ್ತು ಎಂದು ವಿಚಾರಿಸಿದರು. ಟ್ರೇಲರಿನ ಮೂತಿ ಮೂಡಣಕ್ಕಿತ್ತು, ಕಮೋಡಿನದೂ ಅದೇ ದಿಕ್ಕು.

"ಸೂರ್ಯಾಂದ ಕಡೆ ಮಾರಿ ಮಾಡಿ ಕೂಡೂದೇನೋ? ಅದಕ್ಕ ಒಡದೈತಿ! ಬಡಗಣಕ್ಕ ಮಾರಿ ಬರೂಹಂಗ ಕೂಡ್ಸು. ನಮ್ಮ ಹಿತ್ತಲದಾಗಿಂದೂ ಹಂಗ ಐತಿ."

ನನ್ನ ಗಂಡ ತಾಯಿಯ ಮಾತು ಮೀರುವವರಲ್ಲ. ಉದ್ದಕ್ಕೆ ಕೂಡಿಸಬೇಕಾದ ಬೇಸಿನ್ನನ್ನು ಅಡ್ಡಕ್ಕೆ ತಿರುಗಿಸಿದರು. ಜಾಗ ಸಾಲದೆ ಒಂದು ಕಡೆಯ ಕಪಾಟು ಕೊಯ್ಯಬೇಕಾಯಿತು. ಕೊಳವೆ ಗಾಲಿಗಳ ನಡುವಿನ ಕಬ್ಬಿಣಕ್ಕೆ ತಾಗುತ್ತಿತ್ತು, ಅದಕ್ಕೆ ಬೇರೆ ಒಂದು ಬಾಗು ಮಾಡಿ, ಸಂದಿಗೆಲ್ಲ ಸಣಬು ಸುತ್ತಿ ಬಿಳಿ ಸಫೇದಾ ಮೆತ್ತಿ ಬಿಗಿ ಮಾಡಿದರು. ಶ್ರಾವಣ ಪೂರ್ತಿ ಇದೇ ಆಯಿತು. ಭಾವನೂ ಬಂದು ತಮ್ಮ ಸರ್ವೆಯ ದಿಕ್ಸೂಚಿ ಇಟ್ಟು ನೋಡಿ, ಬಡಗಣ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ತೀರ್ಪು ಕೊಟ್ಟರು. ಅತ್ತೆಗೆ ಹಾಲು ಕುಡಿದಷ್ಟು ಸಂತೋಷ.

ನಾನು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಆದರೆ ನಾನು ನೋಡುತ್ತಿದ್ದದ್ದು ದಿಕ್ಕನ್ನಲ್ಲ. ಆಕೆಯ ಸೆರಗು ಎಲ್ಲಿ ಬಿತ್ತು, ಇವರು ಎಷ್ಟು ಸಲ ನಕ್ಕರು, ಪಾನಾ ಇಸಿದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತೋ ಇಲ್ಲವೋ. ನನ್ನ ಹತ್ತಿರ ಒಂದು ಮಾತಾಡಲು ಹತ್ತು ಸಲ ಕೆಮ್ಮುವ ಮನುಷ್ಯ ಅಲ್ಲಿ ಗಂಟೆಗಟ್ಟಲೆ ಏನು ಮಾತಾಡುತ್ತಾರೆ? ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಒಂದು ಐತವಾರ ಮಳೆ ಬಿಡುವು ಕೊಟ್ಟಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಟ್ರೇಲರಿನ ಬಾಗಿಲೂ ಪಾಯಖಾನೆಯ ಬಾಗಿಲೂ ತೆರೆದಿದ್ದವು. ಒಳಗೆ ನೆಗೆಣ್ಣಿ ನನ್ನ ಬೇಸಿನ್ನಿನ ಮೇಲೆ ಸೀರೆ ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಬೆನ್ನು ನನ್ನ ಕಡೆ. ಒಂದು ಕೈ ಮೇಲೆತ್ತಿ ಗೋಡೆ ಹಿಡಿದಿದ್ದಾಳೆ. ನನ್ನ ಗಂಡ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆಕೆಯ ಕೈ ಇದ್ದಲ್ಲಿ ಗುರುತು ಹಾಕುತ್ತಿದ್ದಾರೆ. ಇಬ್ಬರೂ ನಗುತ್ತಿದ್ದಾರೆ, ಹೇಗೆ ನಗುತ್ತಿದ್ದಾರೆ ಎಂದರೆ ಇವರಿಗೆ ಪೆನ್ಸಿಲ್ ನೆಟ್ಟಗೆ ನಿಲ್ಲುತ್ತಿಲ್ಲ. ಸ್ವಲ್ಪ ಹೊತ್ತಿಗೆ ನೆಗೆಣ್ಣಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಕಂಕುಳಲ್ಲಿ ಒಂದು ತಲೆದಿಂಬು.

ಪಾಯಖಾನೆ ರಿಪೇರಿಗೆ ತಲೆದಿಂಬು ಯಾಕೆ ಬೇಕು?

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಗಿ ಅತ್ತೆ ಬಂದು ಬೈದರು. ಬೈಗುಳ ನನ್ನ ಕಿವಿಗೆ ಹೋಗಲಿಲ್ಲ. ಆವತ್ತಿನಿಂದ ನಾನು ಗಂಡನ ಜೊತೆ ಮಾತು ಬಿಟ್ಟೆ. ಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದೆ. 'ಚಹಾ ಆಗೈತಿ, ಕುಡಿಯೂವ್ರು ಕುಡೀಬಹುದು.' ಅವರು ಪಾಪ ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕುಡಿಯುತ್ತಿದ್ದರು. ಏನು ಸಿಟ್ಟು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ತಲೆದಿಂಬು ಎಂದು ಹೇಳಲು ಬಾಯಿ ಬರುತ್ತಿತ್ತೇ? ನನ್ನ ಹೊಟ್ಟೆ ದೊಡ್ಡದಾಗುತ್ತಿತ್ತು, ಮಳೆ ನಿಂತಿರಲಿಲ್ಲ, ನಾನು ಬಾವಿ ದಾಟಿ ಪೇರಲ ಗಿಡ ದಾಟಿ ಹೋಗಿಬರುತ್ತಲೇ ಇದ್ದೆ. ಹೋಗುವಾಗ ಆ ಟ್ರೇಲರಿನ ಕಿಟಕಿಯ ಪರದೆ ಕಾಣುತ್ತಿತ್ತು. ಅದರೊಳಗೆ ನನ್ನ ಬೇಸಿನ್, ಅದರ ಎದುರಿಗೆ ರೈಲಿನಲ್ಲಿರುವಂಥ ಕಬ್ಬಿಣದ ಹಿಡಿಕೆ, ಹಿಡಿದು ಏಳಲು. ಹಿಡಿಕೆ ಬೇರೆ!

ದಸರೆ ಬಂತು. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದು ಎಲ್ಲರೂ ಎಲ್ಲರಿಗೂ ಹೇಳಿದ್ದಾಯಿತು. ನಾನು ನೆಗೆಣ್ಣಿಗೂ ಹೇಳಿದೆ, ಬಾಯಿಂದ. ಮರುದಿನ ಬೆಳಿಗ್ಗೆ ಕ್ಯಾಂಪಿಗೆ ಹೊರಡುವುದು. ಜೀಪು ಬಂತು, ಕೊಂಡಿ ಹಾಕಿದರು. ಅತ್ತೆ ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತರು. ಓಣಿಯ ಮಂದಿ ಸೇರಿತ್ತು. ನಮ್ಮ ಗೇಟು ತೆಂಕಣಕ್ಕೆ. ಮೂಡಣಕ್ಕೆ ಮೂತಿ ಮಾಡಿ ಮೂರು ತಿಂಗಳು ನಿಂತಿದ್ದ ಟ್ರೇಲರು ಕಿರ್ರೆಂದು ಸುತ್ತು ಹೊಡೆದು ತೆಂಕಣಕ್ಕೆ ತಿರುಗಿ ಗೇಟಿನ ಮುಂದೆ ನಿಂತಿತು.

ಅತ್ತೆ ಆರತಿ ಎತ್ತಿದವರು ಅಲ್ಲಿಗೇ ತಡೆದರು. ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ಲೆಕ್ಕ ಹಾಕಿದರು.

"ತಡೀರಿ. ಈಗ ಒಳಗ ಕೂತ್ರ ಮಾರಿ ಯಾ ಕಡೆ ಆತು?"

ಭಾವ ಕೊರಳಲ್ಲಿದ್ದ ದಿಕ್ಸೂಚಿ ಮುಟ್ಟಿಕೊಂಡರು. ಅದನ್ನು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಸೂರ್ಯ ಎದುರಿಗೇ ಇದ್ದ. ನನ್ನ ಬೇಸಿನ್ ಸರಿಯಾಗಿ ಅವನ ಕಡೆ ಮುಖ ಮಾಡಿತ್ತು.

ನೆಲದ ದಿಕ್ಕು ಹೇಳಿ ಸಂಬಳ ತೆಗೆದುಕೊಳ್ಳುವ ಭಾವ, ಓಡುವ ಗಾಡಿಯ ಪಾಯಖಾನೆ ಕೂಡಿಸಿ ಸಂಬಳ ತೆಗೆದುಕೊಳ್ಳುವ ನನ್ನ ಗಂಡ, ಇಬ್ಬರ ತಲೆಗೂ ಅದಕ್ಕೆ ಗಾಲಿ ಇವೆ ಎಂದು ಹೊಳೆದಿರಲಿಲ್ಲ. ಹಗಲೆಲ್ಲ ಕಿಟಕಿಯಲ್ಲಿ ನಿಂತಿದ್ದ ನನಗೂ ಹೊಳೆದಿರಲಿಲ್ಲ. ಆಮೇಲೆ ನೆಗೆಣ್ಣಿಯೇ ಮೊದಲು ನಕ್ಕಳು, ಓಣಿಯೆಲ್ಲ ನಕ್ಕಿತು.

"ಕ್ಯಾಂಪಿನ್ಯಾಗ ಹೊಳ್ಳಿ ಮೂಡಣಕ್ಕನ ನಿಲ್ಲಸ್ತೇವಿ ಬಿಡಬೇ" ಎಂದು ಭಾವ ತಿಪ್ಪೆ ಸಾರಿಸಲು ನೋಡಿದರು.

"ಎಷ್ಟ ಊರಾಗ ನೆನಪಿಟ್ಟು ನಿಲ್ಲಸ್ತೀಯೋ? ದಿಕ್ಕು ನಿಲ್ಲಲಾರದ ಕಡೆ ಕುಕ್ಕರುಗಾಲಲೆ ಕೂಡೂದು ಸಲ್ಲ. ತಗೀರಿ ಅದನ್ನ!"

"ಹಂಗಾರ ಇಕಿ ಏನ ಮಾಡಬೇಕಬೇ?"

ಅತ್ತೆ ಯೋಚಿಸಿದರು. ನ್ಯಾಯಾಧೀಶರೂ ಅಷ್ಟು ಯೋಚಿಸುವುದಿಲ್ಲ. "ಮೊದಲಿನ ಆ ಕುರ್ಚಿನ ಹಾಕು. ಕುರ್ಚಿ ಮ್ಯಾಲೆ ಕೂತ್ರ ಅದಕ್ಕ ಶಾಸ್ತ್ರ ಹತ್ತೂದಿಲ್ಲ. ಕಚೇರ್ಯಾಗ ಮಂದಿ ಯಾ ಕಡೆ ಮಾರಿ ಮಾಡಿ ಕೂಡ್ತಾರಂತ ಯಾರ ಕೇಳ್ತಾರ?"

ಪ್ರಯಾಣ ನಿಂತಿತು. ನನ್ನ ಗಂಡ ಮತ್ತೆ ಪಾನಾ ಹಿಡಿದರು. ಸಫೇದಾ ಕೆತ್ತಿ, ಬೋಲ್ಟು ಬಿಚ್ಚಿ, ನನ್ನ ಬೇಸಿನ್ ಹೊರಗೆ ತೆಗೆದು ಅದೇ ಪೇರಲ ಗಿಡದ ಕೆಳಗೆ ಇಟ್ಟರು. ಮಳೆನೀರು ತುಂಬಿಕೊಂಡು ಬಾವಿಯ ಹತ್ತಿರ ಬಿದ್ದಿದ್ದ ಕಮೋಡನ್ನು ತೊಳೆದು, ಬಿರುಕು ಬಿಟ್ಟ ಬುಡಕ್ಕೆ ಕಬ್ಬಿಣದ ಪಟ್ಟಿ ಸುತ್ತಿ ಬಿಗಿದು, ಹೊಸ ಹಲಗೆಯ ಮೇಲೆ ರಬ್ಬರಿನ ಬಳೆ ಇಟ್ಟು ಕೂಡಿಸಿದರು. ಎರಡು ಬಿಂದಿಗೆ ನೀರು ಸುರಿದರು. ಒಂದು ಹನಿ ಸೋರಲಿಲ್ಲ. ಭಾವ ಹೋಗಿ ಕೂತು ಬಂದರು, ಈ ಸಲ ಕಾಲು ಕೆಳಗಿಟ್ಟು.

ಅಂದರೆ ಆ ಕಮೋಡ್ ಮೊದಲ ದಿನವೇ ರಿಪೇರಿ ಆಗುವಂಥದ್ದು! ಒಂದು ಪಟ್ಟಿಯ ಕೆಲಸ. ಅದನ್ನು ಕಂಡದ್ದೇ ನನ್ನ ಸಿಟ್ಟು ನೆತ್ತಿಗೇರಿತು. ನೆಗೆಣ್ಣಿ ಅಡಿಗೆಮನೆಗೆ ಬಂದು ನನ್ನ ಮುಂದೆ ಮೆಂತ್ಯೆ ಸೊಪ್ಪು ಬಿಡಿಸಲು ಕೂತಾಗ ಕೇಳಿಯೇಬಿಟ್ಟೆ.

"ಅಕ್ಕಾ, ಈ ಪಟ್ಟಿ ಆವತ್ತ ಹಾಕಿದ್ರ ನನ್ನ ಬೇಸಿನ್ ಮುಟ್ಟೂ ಪ್ರಸಂಗ ಯಾಕ ಬರತಿತ್ರಿ?"

ಆಕೆ ಸೊಪ್ಪು ಬಿಟ್ಟು ನನ್ನನ್ನು ನೋಡಿದಳು. "ಅಂವ ನಿನಗೇನೂ ಹೇಳಿಲ್ಲೇನ?"

"ಅವರು ನನ್ನ ಮುಂದ ಏನ ಹೇಳ್ತಾರ್ರಿ."

"ಅಯ್ಯ ಹುಚ್ಚಿ! ನನಗ ಆ ಬೇಸಿನ್ ಬೇಕಿತ್ತೇನ? 'ವೈನಿ, ನಿಮ್ಮ ಗಾಡ್ಯಾಗ ಮೊದಲ ಕೂಡಸಿ ನೋಡ್ತೇನಿ, ಆಕಿ ಬಸುರಿ ಅದಾಳ, ಆಕಿದು ಮಾಡೂವಾಗ ತಪ್ಪಬಾರದು' ಅಂದ. ಅಳತಿ ಕೂಡಿದ ಮ್ಯಾಲೆ ನಿನಗ ಇನ್ನೊಂದು ಬೇಸಿನ್ ತರಾಂವ ಇದ್ದ. ಕಾಲ ಇಡೂ ಜಾಗ ಎಷ್ಟ ಅಗಲ ಇರಬೇಕು, ಹೊಟ್ಟಿ ಇದ್ದಾಕಿ ಏಳೂವಾಗ ಯಾತಕ್ಕ ಕೈ ಹಾಕ್ತಾಳ, ದಿನಾ ಅದ ಮಾತು. ನಿನ್ನ ಕೇಳಾಕ ನಾಚಿಕಿ, ಅವ್ವನ್ನ ಕೇಳಾಕ ಹೆದರಿಕಿ. ಒಂದ ದಿನ ನಾನ ಹೊಟ್ಟಿಗೆ ತಲಿದಿಂಬ ಕಟಗೊಂಡು ಕೂತು ತೋರ್ಸಿದೆ. ಭಾಳ ನಗಿ ಬಂತು."

ಆಕೆ ನಕ್ಕಳು. ಆಮೇಲೆ ಸೊಪ್ಪಿನ ಕಡ್ಡಿಯೊಂದನ್ನು ಎತ್ತಿಕೊಂಡು ಎಲೆ ಬಿಡಿಸುತ್ತ, ತಲೆ ತಗ್ಗಿಸಿಯೇ ಹೇಳಿದಳು: "ಎದ್ದು ದಿಂಬ ಬಿಚ್ಚೂವಾಗ ಮನಸ್ಸು ಬರಲಿಲ್ಲ ನೋಡು. ಮದಿವಿ ಆಗಿ ಇಷ್ಟ ವರ್ಷಕ್ಕ ಅದೊಂದ ಗಳಿಗಿ ನನಗೂ ಹೊಟ್ಟ್ಯಾಗ ಏನೋ ಇದ್ಧಾಂಗ ಅನಸ್ತು."

ನಾನು ಸೊಪ್ಪನ್ನು ಪಕ್ಕಕ್ಕೆ ಸರಿಸಿದೆ. ಆಕೆಯ ಕೈ ಹಿಡಿದುಕೊಂಡೆ. ಪಾಪ ಅನಿಸಿತು, ಖರೇ. ಗಂಡನ ಮೇಲಿನ ಸಂಶಯ ಅಲ್ಲೇ ಕರಗಿತು, ಅದೂ ಖರೇ. ಆದರೆ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಇನ್ನೂ ಒಳಕ್ಕಿಳಿಯಿತು. ನನ್ನ ಹೊಟ್ಟೆ, ನನ್ನ ಕಾಲು, ನಾನು ಏಳುವುದು, ನಾನು ಕೂಡುವುದು, ಇದನ್ನೆಲ್ಲ ಕೇಳಲು ಅವರಿಗೆ ಆಕೆ ಬೇಕಾದಳು. ಒಂದೇ ಸೂರಿನಡಿ ಮಲಗುವ ನನ್ನನ್ನು ಒಮ್ಮೆ ಕೇಳಬಾರದಿತ್ತೇ? ನನ್ನ ಬಗ್ಗೆ ಅವರು ಆಡಿದ ಅಷ್ಟೊಂದು ಮಾತು ಪೂರ್ತಿ ಆಕೆಯ ಕಿವಿಗೆ ಬಿದ್ದಿತ್ತು. ನನ್ನ ಪಾಲಿಗೆ ಚಹಾ ಸೋಸುವುದು ಬಂದಿತ್ತು.

ಅವರು ಹೋದ ಮೇಲೆ ನನ್ನ ಗಂಡ ರಜೆ ಹಾಕಿ ಕೆಲಸ ಹಿಡಿದರು. ಕಪ್ಪೆಗಳನ್ನು ಎಬ್ಬಿಸಿ ಗುಂಡಿ ಪೂರ್ತಿ ಮಾಡಿಸಿದರು. ಬಚ್ಚಲಿನ ಗೋಡೆಗೆ ಹೊಂದಿ ಒಂದು ಸಣ್ಣ ಕೋಣೆ, ಒಳಗೆ ನನ್ನ ಬೇಸಿನ್, ಬಡಗಣಕ್ಕೆ ಮುಖ ಮಾಡಿ. ಈ ಸಲ ಅದಕ್ಕೆ ಗಾಲಿ ಇರಲಿಲ್ಲ. ಕುಬಸದ ಮುನ್ನಾದಿನ ಮುಗಿಯಿತು. ಅತ್ತೆ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಲೋ ಬೇಡವೋ ಎಂದು ಅನುಮಾನಿಸಿ ಹಚ್ಚಿಯೇಬಿಟ್ಟರು. ಹಿಂದಿನ ಓಣಿಯ ಆಕೆ ಆಮೇಲೆ ನಮ್ಮ ಮನೆಗೆ ಬರಲಿಲ್ಲ, ಪಕ್ಕದವರ ಗೋಡೆಯಿಂದಲೇ ತಿರುಗಿ ಹೋಗುತ್ತಿದ್ದಳು.

ನಾನು ಬಾಗಿಲು ಹಾಕಿಕೊಂಡು ಕೂತೆ. ಕಾಲಿಡುವ ಜಾಗ ಸರಿಯಾಗಿತ್ತು. ಇಳಿಜಾರು ಸರಿಯಾಗಿತ್ತು. ಏಳಲೆಂದು ಎದುರಿನ ಹಿಡಿಕೆಗೆ ಕೈ ಹಾಕಿದೆ. ಸಿಗಲಿಲ್ಲ. ನಾಲ್ಕು ಬೆರಳು ಮೇಲಿತ್ತು. ಟ್ರೇಲರಿನ ಗೋಡೆಯ ಮೇಲೆ ಪೆನ್ಸಿಲಿನಿಂದ ಹಾಕಿದ ಗುರುತನ್ನೇ ಅಳೆದು ತಂದು ಇಲ್ಲಿ ಹಿಡಿಕೆ ಬಡಿದಿದ್ದರು.

ಹೊರಗೆ ನನ್ನ ಗಂಡ ಕಾಯುತ್ತ ನಿಂತಿದ್ದರು, ಪರೀಕ್ಷೆ ಬರೆದ ಹುಡುಗನ ಹಾಗೆ. "ಹ್ಯಾಂಗೈತಿ?"

"ಛಲೋ ಐತಿ" ಎಂದೆ. ಗೋಡೆಗಲ್ಲ, ಅವರಿಗೇ.

ಮರುವರ್ಷ ಆಷಾಢಕ್ಕೆ ಟ್ರೇಲರು ಮತ್ತೆ ಬಂತು. ನನ್ನ ಮಗಳು ಆಗ ಕಂಕುಳಲ್ಲಿದ್ದಳು. ನೆಗೆಣ್ಣಿ ಇಳಿದವಳೇ ಮಗುವನ್ನು ಇಸಿದುಕೊಂಡಳು, ಮುದ್ದಿಟ್ಟಳು, ಆಮೇಲೆ "ನಿನ್ನ ಪಾಯಖಾನಿ ತೋರ್ಸಲಾ" ಎಂದಳು. ಮಗುವನ್ನು ನನಗೆ ಕೊಟ್ಟು ಒಳಗೆ ಹೆಜ್ಜೆಯಿಟ್ಟು, ಬಾಗಿಲು ತೆರೆದೇ ಸುಮ್ಮನೆ ಕುಕ್ಕರಿಸಿ ಕೂತು ನೋಡಿದಳು. ಏಳುವಾಗ ಆಕೆಯ ಕೈ, ಕಣ್ಣು ಅತ್ತ ಹೊರಳುವ ಮೊದಲೇ, ತಾನಾಗಿ ಹೋಗಿ ಹಿಡಿಕೆಯನ್ನು ಹಿಡಿಯಿತು.

"ನೋಡು, ಎಷ್ಟ ಸರೀ ಐತಿ!" ಎಂದಳು.

ಹೌದು, ಎಂದೆ. ಮುಂದೆ ನನ್ನ ಗಂಡನಿಗೆ ಯಾವಾಗಲೋ ಗೊತ್ತಾಯಿತು, ನಾನು ಏಳುವಾಗ ಗೋಡೆಯನ್ನು ತಡವುವುದು ಕೇಳಿಸಿರಬೇಕು. ಹಿಡಿಕೆಯನ್ನು ಕೆಳಗಿಳಿಸಿ ಕೊಡುತ್ತೇನೆ, ಅರ್ಧ ಗಂಟೆಯ ಕೆಲಸ ಎಂದರು. ಆಮೇಲೂ ಎಷ್ಟೋ ಸಲ ಕೇಳಿದರು, ಒಮ್ಮೆ ಪಾನಾ ಹಿಡಿದುಕೊಂಡೇ ಬಂದರು. ನಾನು ಇಳಿಸಗೊಡಲಿಲ್ಲ. ಇರಲಿ ಬಿಡ್ರಿ, ನಿಮ್ಮ ವೈನಿಗೆ ಸರೀ ಐತಿ, ಎಂದೆ.